ಬ್ಲೌಸ್ ಹೊಲಿದ ದುಡ್ಡಲ್ಲಿ ಕುಮಟಾದ ಸಮುದ್ರ

ನನ್ನ ಹೊಲಿಗೆ ಮಷೀನಿನ ಡ್ರಾಯರಿನಲ್ಲಿ ಒಂದು ಡಬ್ಬಿ ಇದೆ. ಮದುವೆ ಸೀಸನ್ನಿನಲ್ಲಿ ಬ್ಲೌಸ್ ಹೊಲಿದಾಗ ಅದರಲ್ಲಿ 50, 100 ಹಾಕುತ್ತಾ ಬಂದಿದ್ದೆ. ಏಪ್ರಿಲ್ ಕೊನೆಗೆ ಎಣಿಸಿದರೆ 7,000 ರೂಪಾಯಿ ಇತ್ತು. ಈ ದುಡ್ಡು ಗ್ಯಾಸಿಗಲ್ಲ, ಫೀಸಿಗಲ್ಲ, ಸಮುದ್ರಕ್ಕೆ ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಹೋಗುವವರು ಮೂರು ಜನ. ನಾನು, 9 ವರ್ಷದ ಮಗಳು, ಮತ್ತೆ ನಮ್ಮ ಅತ್ತೆ. ಮನೆಯವರಿಗೆ ಗ್ಯಾರೇಜಿನಲ್ಲಿ ರಜೆ ಸಿಗಲಿಲ್ಲ.

ಮೊದಲು ಗೋಕರ್ಣದಲ್ಲೇ ಉಳಿಯೋಣ ಅಂದುಕೊಂಡಿದ್ದೆ. ಫೋನಿನಲ್ಲಿ ಒಂದು ರೂಮು ನೋಡಿ 500 ಮುಂಗಡ ಕಳಿಸಿದೆ. ಹೊರಡೋದಕ್ಕೆ ಎರಡು ದಿನ ಇರುವಾಗ ಫೋನ್ ಮಾಡಿದರೆ, ಈಗ ರಜೆ ಟೈಮು, ಒಂದು ರಾತ್ರಿಗೆ 2,200 ಆಗುತ್ತೆ ಅಂದರು. ಮುಂಗಡ ವಾಪಸ್ ಬರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 500 ಅಂದರೆ ನನಗೆ ಒಂದು ಲೈನಿಂಗ್ ಬ್ಲೌಸು, ಮೇಲೆ ಒಂದೂವರೆ ಸೀರೆಯ ಫಾಲ್-ಪಿಕೋ.

ಬೆಳಗ್ಗೆ ಅತ್ತೆ ಕೇಳಿದರು, "ಸಮುದ್ರ ಗೋಕರ್ಣದಾಗಷ್ಟ ಐತೇನ?"

ಆ ಮಾತಿಂದಲೇ ನಮ್ಮ ಪ್ಲಾನ್ ಬದಲಾಯಿತು. ಗೋಕರ್ಣಕ್ಕೆ 30 ಕಿಲೋಮೀಟರ್ ಆಚೆ ಈಚೆ ಕುಮಟಾ ಇದೆ. ತಾಲ್ಲೂಕು ಊರು. ಬಸ್ ಸ್ಟ್ಯಾಂಡ್, ಸಂತೆ, ಕೋರ್ಟು, ಕಾಲೇಜು ಎಲ್ಲ ಇರುವ, ಜನ ದಿನದ ಕೆಲಸಕ್ಕೆ ಬಂದು ಹೋಗುವ ಊರು. ಅಲ್ಲಿಯ ಲಾಡ್ಜುಗಳು ಪ್ರವಾಸಿಗರಿಗೆ ಅಂತ ಕಟ್ಟಿದ್ದಲ್ಲ, ಕೆಲಸದ ಮೇಲೆ ಬಂದವರಿಗೆ ಕಟ್ಟಿದ್ದು. ಅದಕ್ಕೇ ರೇಟು ರಜೆ ನೋಡಿ ಏರೋದಿಲ್ಲ. ನಮಗೆ ಸಿಕ್ಕ ರೂಮು ಒಂದು ರಾತ್ರಿಗೆ 850. ಮೇಲೆ ಒಂದು ಹಾಸಿಗೆಗೆ 100. ಎಸಿ ಇಲ್ಲ, ಫ್ಯಾನ್ ಜೋರಾಗಿತ್ತು. ಬಾತ್‌ರೂಮು ಸ್ವಚ್ಛ. ಕಿಟಕಿ ತೆಗೆದರೆ ತೆಂಗಿನ ತೋಟ. ಸಮುದ್ರ ಕಾಣುವುದಿಲ್ಲ ನಿಜ. ರಾತ್ರಿ ಕಣ್ಣು ಮುಚ್ಚಿ ಮಲಗಿದವರಿಗೆ ಸಮುದ್ರ ಕಂಡರೇನು, ಬಿಟ್ಟರೇನು? ಕಡಿಮೆ ದುಡ್ಡಲ್ಲಿ ಕರಾವಳಿ ನೋಡಬೇಕು ಅನ್ನುವವರಿಗೆ ನಾನು ಮೊದಲು ಹೇಳೋದು ಇದನ್ನೇ. ದಂಡೆ ಮೇಲೆ ಮಲಗಬೇಡಿ. ಬಸ್ ಸ್ಟ್ಯಾಂಡ್ ಹತ್ತಿರ ಮಲಗಿ.

ಬಸ್ಸಿನ ಖರ್ಚು ಸೊನ್ನೆ. 2023ರ ಜೂನ್ 11ರಿಂದ ಹೆಂಗಸರಿಗೆ ಬಿಟ್ಟಿ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ನಮ್ಮಂಥವರ ಕಾಲಿಗೆ ಚಕ್ರ ಬಂದಿದೆ. ಸ್ಲೀಪರ್, ರಾಜಹಂಸ, ಎಸಿ ಬಸ್ಸಿಗೆ ಅದು ನಡೆಯುವುದಿಲ್ಲ. ಸಾಮಾನ್ಯ ಕೆಂಪು ಬಸ್ಸಿಗೆ ನಡೆಯುತ್ತದೆ. ಆಧಾರ್ ತೋರಿಸಿದರೆ ಆಯಿತು. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ, ಆಮೇಲೆ ಕುಮಟಾ. ಶನಿವಾರ ಹೊರಟರೆ ನಿಲ್ಲೋಕೂ ಜಾಗ ಇರೋದಿಲ್ಲ. ನಾವು ಮಂಗಳವಾರ ಬೆಳಗ್ಗೆ ಮೊದಲ ಬಸ್ಸು ಹಿಡಿದೆವು, ಮೂವರಿಗೂ ಸೀಟು ಸಿಕ್ಕಿತು.

ಅತ್ತೆಯ ತವರು ನವಲಗುಂದದ ಕಡೆ. ಎರೆಹೊಲದ ಊರು, ಕಣ್ಣು ಹಾಯಿಸಿದಷ್ಟೂ ಬಯಲು. ಅವರು 68 ವರ್ಷದಲ್ಲಿ ಘಟ್ಟ ಇಳಿದವರಲ್ಲ. ಅರಬೈಲಿನ ತಿರುವುಗಳಲ್ಲಿ ಮುಂದಿನ ಸೀಟಿನ ಸರಳು ಹಿಡಿದುಕೊಂಡು ಕೂತಿದ್ದರು. ಕಿಟಕಿಯಿಂದ ಮಾತ್ರ ಮುಖ ತೆಗೆಯಲಿಲ್ಲ. "ಇಷ್ಟ್ ಗಿಡಾ ಯಾರ್ ಹಚ್ಚಿದ್ರವಾ?" ಅಂದರು. ಯಾರೂ ಹಚ್ಚಿಲ್ಲ, ತಾವಾಗಿಯೇ ಬೆಳೆದಿದ್ದು ಅಂದೆ. ಅಂಕೋಲಾದವರೆಗೂ ಅದನ್ನೇ ಯೋಚನೆ ಮಾಡುತ್ತಿದ್ದರು ಅನಿಸುತ್ತದೆ.

ಮೇ ತಿಂಗಳ ಕರಾವಳಿಯ ಸೆಕೆ ಸುಳ್ಳಲ್ಲ. ನಮ್ಮ ಕಡೆ ಬಿಸಿಲು ಸುಡುತ್ತದೆ, ಅಲ್ಲಿ ಬೆವರು ಬಿಡುವುದಿಲ್ಲ. ಹಾಗಾಗಿ ದಿನವನ್ನು ನಾನು ಹೊಲಿಗೆ ಬಟ್ಟೆಯ ತರ ಕತ್ತರಿಸಿಕೊಂಡೆ. ಬೆಳಗ್ಗೆ 6ರಿಂದ 9 ದಂಡೆ. ಮಧ್ಯಾಹ್ನ ಊಟ, ಫ್ಯಾನಿನ ಕೆಳಗೆ ನಿದ್ದೆ, ಇಲ್ಲಾಂದರೆ ಬಸ್ಸು. ಸಂಜೆ 5ರ ಮೇಲೆ ಮತ್ತೆ ದಂಡೆ. ಈ ಕರಾವಳಿಗೆ ಸಮುದ್ರ ಇರುವುದು ಪಶ್ಚಿಮಕ್ಕೆ. ಬೆಳಗ್ಗೆ ಸೂರ್ಯ ನಮ್ಮ ಬೆನ್ನ ಹಿಂದಿನಿಂದ, ಘಟ್ಟದ ಕಡೆಯಿಂದ ಬರುತ್ತಾನೆ. ತೆಂಗು, ಗಾಳಿಮರದ ನೆರಳು ಮರಳಿನ ಮೇಲೆ ಉದ್ದಕ್ಕೆ ಚಾಚಿರುತ್ತದೆ. ಎಂಟೂವರೆಯವರೆಗೂ ತಂಪು. ಎಲ್ಲರೂ ಸಂಜೆ ಸೂರ್ಯ ಮುಳುಗುವುದು ನೋಡೋಕೆ ಹೋಗುತ್ತಾರೆ. ನನಗೆ ಬೆಳಗ್ಗೆಯೇ ಜಾಸ್ತಿ ಹಿಡಿಸಿತು.

ಮೊದಲ ಸಂಜೆ ವನ್ನಳ್ಳಿ ದಂಡೆಗೆ ಹೋದೆವು. ಊರಿನ ಮಧ್ಯದಿಂದ ಆಟೊಗೆ 80 ರೂಪಾಯಿ. ಬಂಡೆಗಳು ಸಮುದ್ರದೊಳಗೆ ಚಾಚಿಕೊಂಡಿವೆ. ಅತ್ತೆ ಸೀರೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನೀರಿಗೆ ಇಳಿದರು. ಮೊಣಕಾಲಿನವರೆಗೆ ಬಂದ ಕೂಡಲೇ ಬೊಗಸೆಯಲ್ಲಿ ನೀರು ತುಂಬಿ ನಾಲಿಗೆಗೆ ಮುಟ್ಟಿಸಿಕೊಂಡರು.

"ನಮ್ಮೂರ ಬಾವಿ ನೀರಿನಂಗ ಐತಿ," ಅಂದರು. "ಇದು ಇನ್ನೂ ಖಾರ."

ಅವರ ತವರಿನಲ್ಲಿ ಬಾವಿ ನೀರು ಸವುಳು. ಕುಡಿಯೋಕೆ ಕೆರೆ ನೀರೇ ಬೇಕು. ಸಣ್ಣವರಿದ್ದಾಗ ತಲೆ ಮೇಲೆ ಕೊಡ ಹೊತ್ತು ತಂದ ದಿನಗಳ ಬಗ್ಗೆ ಅವರು ಎಷ್ಟೋ ಸಲ ಹೇಳಿದ್ದಾರೆ. ಅವತ್ತು ಹೇಳಲಿಲ್ಲ. ಅಲೆ ಬಂದು ಹೋಗುವಾಗ ಕಾಲಡಿಯ ಮರಳು ಜಾರುತ್ತದಲ್ಲ, ಅದನ್ನು ನೋಡುತ್ತಾ ನಿಂತುಬಿಟ್ಟರು. ಮೊಮ್ಮಗಳು ಅವರ ಕೈ ಹಿಡಿದಿದ್ದಳೋ, ಅವರು ಮೊಮ್ಮಗಳ ಕೈ ಹಿಡಿದಿದ್ದರೋ ಗೊತ್ತಾಗಲಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಾವು ಬಯಲುಸೀಮೆಯವರು. ಕೆರೆ ನೋಡಿದ ಕಣ್ಣಲ್ಲಿ ಸಮುದ್ರ ನೋಡಬಾರದು. ಪ್ರತಿ ರಜೆಯಲ್ಲೂ ಈ ದಂಡೆಗಳಲ್ಲಿ ಯಾರದೋ ಮನೆ ಮಕ್ಕಳು ನೀರುಪಾಲಾಗುತ್ತಾರೆ. ಬಂಡೆ ಇರುವ ಕಡೆ ಇಳಿಯಲೇಬೇಡಿ. ಮಗಳಿಗೆ ಮೊಣಕಾಲಿನ ಮೇಲೆ ನೀರು ಬರಬಾರದು ಅಂತ ನಾನು ಗೆರೆ ಹಾಕಿದ್ದೆ. ಬಲೆ ಒಣಗಿಸುತ್ತಿದ್ದವರನ್ನು ಮೊದಲು ಕೇಳಿಕೊಂಡೆ. "ಈಗ ಇಳಿತ ಇದೆ, ನೀರು ಒಳಗೆ ಎಳೀತದೆ, ಇಲ್ಲೇ ಈಚೆ ಆಡ್ಸಿ" ಅಂತ ಅವರು ಜಾಗ ತೋರಿಸಿದರು. ಕೇಳಿದರೆ ಅಲ್ಲಿಯ ಜನ ಖಂಡಿತ ಹೇಳುತ್ತಾರೆ.

ಊಟದ ವಿಚಾರ. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು. ರಾತ್ರಿಗೆ ಮೊಸರು, ಸೌತೆಕಾಯಿ ತಂದರೆ ರೂಮಿನಲ್ಲೇ ಊಟ ಆಗುತ್ತಿತ್ತು. ಬೆಳಗ್ಗೆ ಮತ್ತು ಮಧ್ಯಾಹ್ನ ಮಾತ್ರ ಹೋಟೆಲು. ನಾವು ಸಸ್ಯಾಹಾರಿಗಳು, ಕರಾವಳಿಯಲ್ಲಿ ಊಟಕ್ಕೆ ಏನು ಸಿಗುತ್ತದೋ ಅನ್ನುವ ಅಳುಕು ಅತ್ತೆಗೆ ಇತ್ತು. ಅಲ್ಲಿಯ ಮೊದಲ ಬೆಳಗ್ಗೆ ಬನ್ಸ್ ತಿಂದ ಮೇಲೆ ಆ ಅಳುಕು ಹೋಯಿತು. ಬಾಳೆಹಣ್ಣು ಕಲಸಿ ಮಾಡಿದ ಪೂರಿ ಅದು. ಬಿಸಿಯಾಗಿ, ಉಬ್ಬಿಕೊಂಡು, ಸ್ವಲ್ಪ ಸಿಹಿ. ಮಗಳು ಮೂರು ದಿನವೂ ಅದನ್ನೇ ತಿಂದಳು. ಮಧ್ಯಾಹ್ನದ ಊಟದಲ್ಲಿ ತಂಬುಳಿ, ಮುರುಗಲು ಹುಳಿಯ ಸಾರು. ಮುರುಗಲು ಅಂದರೆ ಕೋಕಂ. ಮೇ ತಿಂಗಳು ಅದು ಹಣ್ಣಾಗುವ ಕಾಲ. ಕೆಂಪಗಿನ ಶರಬತ್ತು 20 ರೂಪಾಯಿಗೆ ಒಂದು ಲೋಟ. ಆ ಸೆಕೆಗೆ ಅದರ ಮುಂದೆ ಬಾಟಲಿಯ ಪಾನೀಯ ಏನೂ ಅಲ್ಲ. ನಾವು ಎಳನೀರು ಅಂದರೆ ಅಲ್ಲಿ ಸಿಯಾಳ ಅಂತಾರೆ. ಕೊನೆಯ ದಿನದ ಹೊತ್ತಿಗೆ ಮಗಳೇ "ಒಂದು ಸಿಯಾಳ ಕೊಡಿ" ಅಂತ ಕೇಳುತ್ತಿದ್ದಳು.

ಆ ಹೋಟೆಲಿನ ಗಲ್ಲೆ ಮೇಲೆ ಕೂತಿದ್ದ ಹಿರಿಯರು ನಮ್ಮ ಮಾತು ಕೇಳಿ, ಯಾವ ಕಡೆಯವರು ಅಂದರು. ಹೇಳಿದೆವು. "ಹಾಗಾದ್ರೆ ನಿಮ್ಮ ಊರಿನ ಹತ್ತಿ ಇಲ್ಲಿಂದಲೇ ಹಡಗು ಹತ್ತುತ್ತಿತ್ತು, ಗೊತ್ತುಂಟಾ?" ಅಂದರು. ನನಗೆ ಗೊತ್ತಿರಲಿಲ್ಲ. ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತಂತೆ. ಇಲ್ಲಿಂದ ಮುಂಬೈಗೆ, ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಗೊಳಗೇ ಯುದ್ಧ ನಡೆದಾಗ ಅಲ್ಲಿಯ ಹತ್ತಿ ನಿಂತುಹೋಗಿ, ಈ ಬಂದರಿಗೆ ಭಾರಿ ಕಳೆ ಬಂದಿತ್ತು. ಎಷ್ಟರ ಮಟ್ಟಿಗೆ ಅಂದರೆ, ನಮ್ಮ ಎರೆಹೊಲದಲ್ಲಿ ಬೆಳೆದ ಹತ್ತಿಗೆ ವ್ಯಾಪಾರದಲ್ಲಿ 'ಕುಮಟಾ ಹತ್ತಿ' ಅಂತಲೇ ಹೆಸರು ಬಿತ್ತು. ಬೆಳೆದ ಊರಿನ ಹೆಸರಲ್ಲ, ಹಡಗು ಹತ್ತಿದ ಊರಿನ ಹೆಸರು.

ಅತ್ತೆ ತಾಟಿನಿಂದ ಕೈ ತೆಗೆದು ಕೇಳುತ್ತಾ ಕೂತಿದ್ದರು. ಅವರ ಅಪ್ಪ ಜಯಧರ ಹತ್ತಿ ಬೆಳೆಯುತ್ತಿದ್ದವರು. ನಾನು ದಿನಾ ಹತ್ತಿ ಬಟ್ಟೆ ಕತ್ತರಿಸುವವಳು. ಗುರುತು ಪರಿಚಯ ಇಲ್ಲದ ಊರಿಗೆ ಬಂದಿದ್ದೇವೆ ಅಂದುಕೊಂಡಿದ್ದೆ. ನಮ್ಮ ಹೊಲದ ಹತ್ತಿ ನಮಗಿಂತ ಮುಂಚೆಯೇ ಬಂದು ಹೋಗಿತ್ತು.

ಎರಡನೇ ದಿನ ಗೋಕರ್ಣ. ಕುಮಟಾದಿಂದ ಬಸ್ಸು ಸುಮಾರು ಒಂದು ಗಂಟೆ. ಹೆದ್ದಾರಿಯಲ್ಲಿ ಮಾದನಗೇರಿ ಹತ್ತಿರ ಎಡಕ್ಕೆ ತಿರುಗಿ ಸ್ವಲ್ಪ ಹೋದ ಮೇಲೆ ಕಿಟಕಿಯಾಚೆ ಇದ್ದಕ್ಕಿದ್ದಂತೆ ಬಿಳಿ ಬಯಲು ಬಂತು. ಚೌಕ ಚೌಕ ಮಡಿಗಳು. ಅಂಚಿನಲ್ಲಿ ಬಿಳಿ ಗುಡ್ಡೆಗಳು.

"ಏನವಾ ಅದು? ಜೋಳದ ಹಿಟ್ಟಿನ ರಾಶಿ ಹಾಕ್ದಂಗ?"

ಸಾಣಿಕಟ್ಟಾ ಉಪ್ಪಿನ ಆಗರ ಅಂತ ಪಕ್ಕದಲ್ಲಿ ಕೂತವರು ಹೇಳಿದರು. ಅತ್ತೆ ಎದ್ದು ನಿಂತೇಬಿಟ್ಟರು. ಇಳಿಯೋಣ ಅಂದರು. ಬಸ್ಸು ಬಿಟ್ಟಿ, ಇಳಿದರೆ ಏನು ಹೋಯಿತು? ಮುಂದಿನ ಬಸ್ಸೂ ಬಿಟ್ಟಿಯೇ ಅಲ್ವಾ? ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದರೆ ನಾನು ಖಂಡಿತ ಇಳಿಯುತ್ತಿರಲಿಲ್ಲ. ಇಡೀ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಚೆನ್ನಾಗಿ ನೆನಪಿರುವ ಒಂದು ಗಂಟೆ ಅದೇ.

ಬೆಳಗಿನ ಎಂಟು ಗಂಟೆ ಇರಬಹುದು. ಕೆಲಸ ಆಗಲೇ ಶುರುವಾಗಿತ್ತು. ಬದುವಿನ ಮೇಲೆ ನಿಂತು ನೋಡಿದೆವು. ಸಮುದ್ರ ಉಬ್ಬಿ ಭರತ ಬಂದಾಗ ಉಪ್ಪುನೀರನ್ನು ಗೇಟು ತೆಗೆದು ಒಳಗೆ ಬಿಟ್ಟುಕೊಳ್ಳುತ್ತಾರೆ. ಅದು ಮೊದಲು ದೊಡ್ಡ ಕಟ್ಟೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಸಣ್ಣ ಮಡಿ, ಅಲ್ಲಿಂದ ಇನ್ನೂ ಸಣ್ಣ ಮಡಿ. ಮಡಿಯಿಂದ ಮಡಿಗೆ ಹೋಗುತ್ತಾ ಬಿಸಿಲಿಗೆ ನೀರು ಆರಿ ಗಟ್ಟಿಯಾಗುತ್ತದೆ. ಕೊನೆಯ ಮಡಿಯ ತಳದಲ್ಲಿ ಹರಳು ಕೂರುತ್ತದೆ. ಉದ್ದ ಕೋಲಿಗೆ ಅಡ್ಡ ಹಲಗೆ ಕಟ್ಟಿದ ಹಲಬೆಯಂಥದ್ದರಿಂದ ಅದನ್ನು ಮೆತ್ತಗೆ ಎಳೆದು ಅಂಚಿಗೆ ರಾಶಿ ಮಾಡುತ್ತಾರೆ. ಜೋರಾಗಿ ಎಳೆದರೆ ಕೆಳಗಿನ ಮಣ್ಣು ಏಳುತ್ತದೆ. ಮಳೆ ಶುರುವಾದರೆ ಎಲ್ಲ ಮುಗಿಯಿತು, ಮತ್ತೆ ಬೇಸಿಗೆಗೇ.

ಅತ್ತೆ ಒಂದು ಮಾತೂ ಆಡದೆ ನೋಡುತ್ತಿದ್ದರು. ಮಡಿಯ ಅಳತೆ, ನೀರು ತಿರುಗಿಸುವ ಬಾಯಿ, ಬದು ಮೆತ್ತಿದ ರೀತಿ, ಎಲ್ಲವನ್ನೂ ರೈತರ ಕಣ್ಣಲ್ಲೇ ನೋಡಿದರು. ಆಮೇಲೆ ಹೇಳಿದರು. "ನಮ್ಮಲ್ಲೆ ಹೊಲದಾಗ ಉಪ್ಪು ಎದ್ರ ಆ ಹೊಲ ಹೋತು ಅಂತ ಲೆಕ್ಕ. ಇಲ್ಲೆ ಉಪ್ಪ ಪೀಕು."

ಕಾಲುವೆ ನೀರು ಜಾಸ್ತಿಯಾಗಿ ಸವುಳು ಹಿಡಿದು ಅವರ ಅಣ್ಣನ ಎರಡು ಎಕರೆ ಬಿತ್ತಲಾರದ ಹಾಗೆ ಆಗಿದೆ. ಆ ಹೊಲದ ಬದುವಿನ ಮೇಲೂ ಬೇಸಿಗೆಯಲ್ಲಿ ಹೀಗೇ ಬಿಳಿ ಕಾಣುತ್ತದೆ. ಅತ್ತೆ ಬಗ್ಗಿ ನಾಲ್ಕು ಹರಳು ಎತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡರು. ಅಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳು ನಕ್ಕು, "ಅಷ್ಟು ಸಾಕಾ ಅಮ್ಮ?" ಅಂದಳು. ಮಾರಾಟ ಎಲ್ಲಿ ಅಂತ ತೋರಿಸಿದಳು. 120 ರೂಪಾಯಿಗೆ ಹೊರೋಕೆ ಕಷ್ಟ ಆಗುವಷ್ಟು ಉಪ್ಪು ಬಂತು. ಆ ಚೀಲವನ್ನು ದಿನವಿಡೀ ಹೊತ್ತು ತಿರುಗಿದೆ. ನನಗೆ ಭಾರ ಅನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಬಿಟ್ಟು ಬರುವ ಮನಸ್ಸು ಮಾತ್ರ ಬರಲಿಲ್ಲ.

ಗೋಕರ್ಣದಲ್ಲಿ ಪದ್ಧತಿಯಂತೆ ಮೊದಲು ಸಮುದ್ರದಲ್ಲಿ ಕಾಲು ತೊಳೆದು, ಮಹಾಗಣಪತಿ ನೋಡಿ, ಆಮೇಲೆ ಮಹಾಬಲೇಶ್ವರನ ದರ್ಶನ ಮಾಡಿದೆವು. ಮಧ್ಯಾಹ್ನ ದೇವಸ್ಥಾನದಲ್ಲೇ ಪ್ರಸಾದದ ಊಟ. ಅತ್ತೆ ತಮ್ಮ ಪಿಂಚಣಿ ದುಡ್ಡಲ್ಲಿ 100 ರೂಪಾಯಿ ಕಾಣಿಕೆ ಹಾಕಿದರು. ಅದನ್ನು ನನ್ನ ಲೆಕ್ಕಕ್ಕೆ ಬರೆಯಬಾರದು ಅಂದರು. ಓಂ ಬೀಚಿಗೆ ಹೋಗಲಿಲ್ಲ. ಆಟೊಗೆ ಹೋಗಿ ಬರೋಕೆ 400 ಕೇಳಿದರು. ಕಾಲು ಗಟ್ಟಿ ಇರುವವರು ಊರಿನಿಂದ ಗುಡ್ಡ ಹತ್ತಿ ಕುಡ್ಲೆಗೆ, ಅಲ್ಲಿಂದ ಮುಂದೆ ಓಂ ಬೀಚಿಗೆ ನಡೆದೇ ಹೋಗಬಹುದು. ಅತ್ತೆಯ ಮಂಡಿಗೆ ಅದು ಆಗುವುದಿಲ್ಲ. ಮುಂದೆ ಮಗಳು ದೊಡ್ಡವಳಾದಾಗ ಅವಳ ಜೊತೆ ನಡೆಯುತ್ತೇನೆ.

ವಾಪಸ್ ಬರುವಾಗ ಬಂದ ದಾರಿ ಹಿಡಿಯಲಿಲ್ಲ. ಗೋಕರ್ಣದಿಂದ ತದಡಿಗೆ ಬಸ್ಸು. ತದಡಿಯಲ್ಲಿ ಅಘನಾಶಿನಿ ನದಿ ಸಮುದ್ರ ಸೇರುತ್ತದೆ. ಆಚೆ ದಡದ ಹಳ್ಳಿಯ ಹೆಸರೂ ಅಘನಾಶಿನಿ. ದೋಣಿಯಲ್ಲಿ ದಾಟಬೇಕು. ಮೂವರಿಗೆ ಸೇರಿ 45 ರೂಪಾಯಿ. ಮೀನು ಬುಟ್ಟಿ, ಬೈಕು, ಶಾಲೆ ಚೀಲ, ನಮ್ಮ ಉಪ್ಪಿನ ಚೀಲ ಎಲ್ಲ ಒಂದೇ ದೋಣಿಯಲ್ಲಿ. ಶಿರಸಿ ಕಡೆ ಹುಟ್ಟಿ, ಎಲ್ಲೂ ಒಂದು ಅಣೆಕಟ್ಟು ಇಲ್ಲದೆ ಇಲ್ಲಿಯವರೆಗೆ ಬರುವ ನದಿ ಇದು. 2024ರಲ್ಲಿ ಈ ಅಳಿವೆಗೆ, ಜಗತ್ತಿನ ಮುಖ್ಯ ಜೌಗು ಜಾಗಗಳಿಗೆ ಕೊಡುವ ರಾಮ್ಸರ್ ತಾಣ ಅನ್ನುವ ಮನ್ನಣೆಯೂ ಸಿಕ್ಕಿತು. ಇಳಿತದ ಹೊತ್ತು. ನೀರು ಸರಿದ ಕಡೆ ಹೆಂಗಸರು ಕೆಸರಲ್ಲಿ ಬಗ್ಗಿ ಬಳಚು ಆರಿಸುತ್ತಿದ್ದರು. ಮಗಳು ಬಳಚು ಅಂದರೇನು ಅಂದಳು. ಪಕ್ಕದ ಅಜ್ಜಿ ತಮ್ಮ ಚೀಲದಿಂದ ಒಂದು ಚಿಪ್ಪು ತೆಗೆದು ಅವಳ ಕೈಯಲ್ಲಿಟ್ಟರು. ಈಗ ಅದು ಅವಳ ಕಂಪಾಸ್ ಪೆಟ್ಟಿಗೆಯಲ್ಲಿದೆ.

ದೊಡ್ಡ ಬೋಟಿನ ಟ್ರಿಪ್ಪಿಗೆ ದುಡ್ಡು ಇದ್ದರೆ ಮಾಡಿ, ಬೇಡ ಅನ್ನುವುದಿಲ್ಲ. ನಮಗೆ ಮಾತ್ರ ಆ ದೋಣಿಯ ಹತ್ತು ನಿಮಿಷವೇ ಹೊಟ್ಟೆ ತುಂಬಿಸಿತು. ಇದು ನನ್ನೊಬ್ಬಳ ಅನುಭವ. ಪ್ರವಾಸಿಗರಿಗೆ ಅಂತ ಇಟ್ಟಿದ್ದಕ್ಕೆ ದುಡ್ಡು ಜಾಸ್ತಿ. ಊರಿನವರು ದಿನಾ ಬಳಸುವುದಕ್ಕೆ ಕಡಿಮೆ, ನೋಡೋಕೆ ಇರೋದೂ ಅಲ್ಲೇ ಜಾಸ್ತಿ.

ಮೂರನೇ ದಿನ ಧಾರೇಶ್ವರ. ಹೊನ್ನಾವರದ ಕಡೆ ಹೋಗುವ ಬಸ್ಸಿನಲ್ಲಿ ಇಳಿದುಕೊಂಡರೆ ಆಯಿತು. ರಾವಣನ ಆತ್ಮಲಿಂಗದ ದಾರ ಬಿದ್ದ ಜಾಗ ಅಂತ ಕತೆ ಇದೆ. ಅತ್ತೆ ಮೊಮ್ಮಗಳಿಗೆ ಆ ಕತೆಯನ್ನು ದೇವಸ್ಥಾನದ ಕಟ್ಟೆಯ ಮೇಲೆ ಕೂತು ಪೂರ್ತಿ ಹೇಳಿದರು. ಅಲ್ಲಿಯ ದಂಡೆಯಲ್ಲಿ ಬೆಳಗ್ಗೆ ನಾವು ಬಿಟ್ಟರೆ ಬಲೆ ಎಳೆಯುವ ಹತ್ತು ಹದಿನೈದು ಜನ ಅಷ್ಟೇ. ಎರಡು ಸಾಲಾಗಿ ನಿಂತು ಹಗ್ಗ ಹಿಡಿದು ಎಳೆಯುತ್ತಿದ್ದರು. ಸಮುದ್ರದೊಳಗಿನಿಂದ ಬಲೆ ಇಂಚು ಇಂಚಾಗಿ ಬರುತ್ತಿತ್ತು. "ತೇರ ಎಳದಂಗ" ಅಂದರು ಅತ್ತೆ. ಮೀನು ಮುಟ್ಟದವರು, ಆದರೂ ಬಲೆ ದಡ ಸೇರುವವರೆಗೆ ಅಲ್ಲಿಂದ ಏಳಲಿಲ್ಲ. ಮಗಳು ಅಷ್ಟು ಹೊತ್ತೂ ಸಣ್ಣ ಏಡಿಗಳನ್ನು ನೋಡುತ್ತಿದ್ದಳು. ಅವು ಮರಳನ್ನು ಸಾಸಿವೆಗಿಂತ ಸ್ವಲ್ಪ ದೊಡ್ಡ ಉಂಡೆ ಮಾಡಿ ಬಿಲದ ಸುತ್ತ ರಂಗೋಲಿ ತರ ಇಡುತ್ತವೆ. ಅಲೆ ಬಂದರೆ ಅಳಿಸಿಹೋಗುತ್ತದೆ. ಮತ್ತೆ ಶುರು ಮಾಡುತ್ತವೆ.

ಮಧ್ಯಾಹ್ನ ಮಿರ್ಜಾನ್ ಕೋಟೆಗೂ ಹೋಗಿ ಬಂದೆವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಸೇರಿಕೊಂಡ ಕೋಟೆ. ಆದರೆ ಮೇ ಬಿಸಿಲಿಗೆ ಕೆಂಪು ಕಲ್ಲು ಕಾದಿತ್ತು, ಹುಲ್ಲು ಒಣಗಿತ್ತು. ಮಳೆಗಾಲ ಮುಗಿಯುವಾಗ ಹೋಗುವುದು ಒಳ್ಳೆಯದು.

ನಾಲ್ಕನೇ ದಿನ ಮನೆಗೆ. ಅಂಕೋಲಾದಲ್ಲಿ ಬಸ್ಸು ಬದಲಿಸುವಾಗ ರಸ್ತೆ ಬದಿ ಹಾಲಕ್ಕಿ ಬುಡಕಟ್ಟಿನ ಹೆಂಗಸರು ಬುಟ್ಟಿಯಲ್ಲಿ ಕರಿ ಇಶಾಡು ಮಾವಿನಹಣ್ಣು ಇಟ್ಟುಕೊಂಡು ಕೂತಿದ್ದರು. ಕೊರಳ ತುಂಬ ಮಣಿಸರ. ಮಗಳು ಮೆಲ್ಲಗೆ, "ಮಮ್ಮಿ, ಇವರು ಪುಸ್ತಕದ ತುಳಸಿ ಅಜ್ಜಿ ತರ ಇದಾರೆ" ಅಂದಳು. ಗಿಡ ನೆಟ್ಟು ಪದ್ಮಶ್ರೀ ಪಡೆದ ತುಳಸಿ ಗೌಡರ ಊರು ಹೊನ್ನಳ್ಳಿ ಇದೇ ಅಂಕೋಲಾ ತಾಲ್ಲೂಕು ಅಂದೆ. ಅವಳಿಗೆ ಆ ಊರಿಗೂ ಹೋಗಬೇಕಿತ್ತು. ಮುಂದಿನ ಸಲ ಅಂದೆ. ಹಣ್ಣು ಎರಡು ಡಜನ್, 500 ರೂಪಾಯಿ. ಈ ಹಣ್ಣಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಸಿಪ್ಪೆ ತೆಳು, ತಿರುಳು ಮೆತ್ತಗೆ. ದೂರ ಸಾಗಿಸಿದರೆ ಕೆಡುತ್ತದೆ. ಅದಕ್ಕೇ ಅಲ್ಲಿಗೆ ಹೋಗಿಯೇ ತಿನ್ನಬೇಕು. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಬಸ್ಸಿನಲ್ಲೇ ಆರು ಮುಗಿದಿದ್ದವು.

ರಾತ್ರಿ ಲೆಕ್ಕ ಬರೆದೆ. ಲಾಡ್ಜು 2,850. ಊಟ ತಿಂಡಿ 1,930. ಆಟೊ 620. ಸಿಯಾಳ, ಶರಬತ್ತು, ಐಸ್‌ಕ್ರೀಮು ಎಲ್ಲ ಸೇರಿ 410. ದೋಣಿ, ಉಪ್ಪು, ಮಾವಿನಹಣ್ಣು ಕೂಡಿಸಿದರೆ 6,475. ಹೋದ ಮುಂಗಡ 500. ಡಬ್ಬಿಯಲ್ಲಿ 25 ರೂಪಾಯಿ ಉಳಿಯಿತು. ಅದನ್ನು ಹೊರಗೆ ತೆಗೆಯಲಿಲ್ಲ, ಮುಂದಿನ ಸಲಕ್ಕೆ ಅಂತ ಅಲ್ಲೇ ಬಿಟ್ಟೆ.

ಮಾರನೇ ದಿನ ಅತ್ತೆ ಸಂತೆಯಿಂದ ಮಾವಿನಕಾಯಿ ತರಿಸಿದರು. ವರ್ಷದ ಉಪ್ಪಿನಕಾಯಿಗೆ. ಸಾಣಿಕಟ್ಟಾದ ಉಪ್ಪನ್ನು ಮೊರದಲ್ಲಿ ಹರವಿ, ಬಿಸಿಲಿಗೆ ಇಟ್ಟು, ಕುಟ್ಟಿ ಹಾಕಿದರು. ಭರಣಿಯ ಬಾಯಿಗೆ ಬಿಳಿ ಬಟ್ಟೆ ಬೇಕು ಅಂದರು. ನನ್ನ ಕತ್ತರಿಸಿದ ತುಂಡುಗಳಲ್ಲಿ ಒಂದು ಹತ್ತಿ ಬಟ್ಟೆ ಹುಡುಕಿ ಕೊಟ್ಟೆ. ಅದರ ಅಂಚು ಹೊಲಿದು ಕೊಡು ಅಂದರು. ಹೊಲಿದು ಕೊಟ್ಟೆ.